ಯಾವ ಡಾಕ್ಟರ್ ವಾಸಿ? ತೀರ್ಥಹಳ್ಳಿ ಮಳೆಯಲ್ಲಿ ಕೂತು ನೋಡಿದ ಹೋಲಿಕೆ

ಇದು ಆಸ್ಪತ್ರೆ ಡಾಕ್ಟರ್‌ಗಳ ವಿಷಯ ಅಲ್ಲ. ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ನಾಯಕನ ಪಾತ್ರ ಮಾಡಿದವರಲ್ಲಿ ಯಾರು ಮೇಲು ಅನ್ನುವ ಹಳೇ ಜಗಳ. 1963ರ ನವೆಂಬರ್ 23ರಂದು ಶುರುವಾಗಿ, 1989ರಲ್ಲಿ ನಿಂತು, 1996ರಲ್ಲಿ ಒಂದು ಟಿವಿ ಸಿನಿಮಾ ಆಗಿ ಇಣುಕಿ, 2005ರಲ್ಲಿ ಮತ್ತೆ ಎದ್ದು ಕೂತ ಧಾರಾವಾಹಿ ಇದು. ಹೊರಗಿನಿಂದ ಟೆಲಿಫೋನ್ ಬೂತಿನಷ್ಟಿದ್ದು ಒಳಗೆ ಹೋದರೆ ಮುಗಿಯದಷ್ಟು ಜಾಗ ಇರುವ ಒಂದು ನೀಲಿ ಪೊಲೀಸ್ ಪೆಟ್ಟಿಗೆ. ಅದರಲ್ಲಿ ಕಾಲದ ಹಿಂದೆ ಮುಂದೆ ಅಲೆಯುವ ಅನ್ಯಗ್ರಹದವನೊಬ್ಬ. ಅವನನ್ನು ಎಲ್ಲರೂ ಡಾಕ್ಟರ್ ಅಂತಲೇ ಕರೆಯುತ್ತಾರೆ. ಸಾಯುವ ಹೊತ್ತಿಗೆ ಮೈ, ಮುಖ, ಸ್ವಭಾವ ಬದಲಾಗಿ ಹೊಸಬನಾಗುತ್ತಾನೆ. ಈ ಉಪಾಯ ಹುಟ್ಟಿದ್ದು 1966ರಲ್ಲಿ, ಮೊದಲ ನಟ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೈಕೊಟ್ಟಾಗ. ನಟ ಹೋದರೂ ಪಾತ್ರ ಉಳಿಯಿತು.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವ ಕಷ್ಟವೇ ಬೀಳಲಿಲ್ಲ. ಯಕ್ಷಗಾನದಲ್ಲಿ ಭಸ್ಮಾಸುರ ಒಬ್ಬನೇ, ವೇಷ ಕಟ್ಟಿದವರು ಹಲವರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರದನ್ನು ನೋಡಿದವರು ಬೇರೆ ಯಾರದನ್ನೂ ಸುಲಭಕ್ಕೆ ಒಪ್ಪುವುದಿಲ್ಲ. ನಮ್ಮ ಭಾವ ಆ ಪೈಕಿ. ಅಡಿಕೆ ತೋಟ, ಆಟ, ತಾಳಮದ್ದಲೆ ಬಿಟ್ಟರೆ ಬೇರೆ ಲೋಕ ಇಲ್ಲದ ಮನುಷ್ಯ. ನಾನು ಪೀಠಿಕೆ ಹಾಕುವ ಮೊದಲೇ ಅವರು ಅಳತೆಗೋಲು ಕೊಟ್ಟುಬಿಟ್ಟರು: “ಕುಣಿತದಲ್ಲಿ ಹೆಸರು ಮಾಡಿದವನನ್ನು ತಾಳಮದ್ದಲೆಗೆ ಕೂರಿಸಬೇಕು ಮಾರಾಯ. ವೇಷ ಇಲ್ಲ, ಗೆಜ್ಜೆ ಇಲ್ಲ, ಬರೀ ಮಾತು. ಅಲ್ಲಿ ಗೊತ್ತಾಗ್ತದೆ ಅವನ ಬಂಡವಾಳ.” ನಾನು ಎಲ್ಲ ಡಾಕ್ಟರ್‌ಗಳನ್ನೂ ತೂಗಿದ್ದು ಇದೇ ತಕ್ಕಡಿಯಲ್ಲಿ. ಯಾವ ನಟನ ದೊಡ್ಡ ಅಸ್ತ್ರ ಯಾವುದೋ ಅದನ್ನು ಕಿತ್ತುಕೊಂಡ ಕಂತು ಹುಡುಕಿ ಹಾಕುವುದು. ಆಮೇಲೆ ಉಳಿಯುವುದೆಷ್ಟು ನೋಡುವುದು.

ನೋಡಿದ ಪರಿಸ್ಥಿತಿಯನ್ನೂ ಹೇಳಬೇಕು, ಫಲಿತಾಂಶದಲ್ಲಿ ಅದರ ಪಾಲೂ ಇದೆ. ನಮ್ಮ ಟಿವಿ ಇರುವುದು ಹಿಂದಿನ ಜಗುಲಿಯಲ್ಲಿ, ಮೇಲೆ ತಗಡಿನ ಶೀಟು. ಜುಲೈ ಮಳೆ ಹಿಡಿದರೆ ವಾಲ್ಯೂಮ್ ಎಷ್ಟಿಟ್ಟರೂ ಮಾತು ಕೇಳದು, ಸಬ್‌ಟೈಟಲ್ಲೇ ಗತಿ. ಕರೆಂಟು ಹೋದರೆ ಯುಪಿಎಸ್, ಯುಪಿಎಸ್ ಹೋದರೆ ಕಂಬಳಿ. ಕೂತವರು ಭಾವ, ಶಿವಮೊಗ್ಗದಲ್ಲಿ ಪಿಯುಸಿ ಓದುವ ಅಣ್ಣನ ಮಗಳು, ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಮುಗಿಸಿದ ನನ್ನ ಗೆಳೆಯ, ಮತ್ತೆ ಇಂಗ್ಲಿಷ್ ಬಾರದ, ಸಬ್‌ಟೈಟಲ್ ಓದದ ಅಮ್ಮ. ಅಮ್ಮನಷ್ಟು ಕಠಿಣ ಪರೀಕ್ಷಕರು ಬೇರೆ ಸಿಗಲಿಲ್ಲ. ಮುಖ ನೋಡಿ ಕಥೆ ಗೊತ್ತಾಗದಿದ್ದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು.

ಕ್ರಿಸ್ಟೋಫರ್ ಎಕಲ್‌ಸ್ಟನ್ ಅವರದು ಒಂದೇ ಸೀಸನ್, 2005ರ 13 ಕಂತು. ಚರ್ಮದ ಜಾಕೆಟ್, ಬೋಳಿಸಿದಂಥ ತಲೆ, ಕಿವಿಯಿಂದ ಕಿವಿಗೆ ನಗು. ಆ ನಗುವೇ ಅಸ್ತ್ರ. ‘ಡಾಲೆಕ್’ ಅನ್ನುವ ಕಂತಿನಲ್ಲಿ ಅದು ಉದುರುತ್ತದೆ. ಅಮೆರಿಕದ ಯೂಟಾದಲ್ಲಿ ನೆಲದಡಿಯ ಖಾಸಗಿ ಮ್ಯೂಸಿಯಂ, ಸರಪಳಿ ಬಿಗಿದ ಒಂದೇ ಒಂದು ಡಾಲೆಕ್, ಯಂತ್ರದ ಕವಚದೊಳಗಿನ ಅನ್ಯಗ್ರಹ ಜೀವಿ. ಇವನ ಕುಲವೇ ನಾಶವಾದ ಯುದ್ಧದಲ್ಲಿ ಎದುರು ನಿಂತಿದ್ದ ಶತ್ರು. ನೋಡಿದ ಕೂಡಲೇ ಹೆದರಿ ಬಾಗಿಲು ಬಡಿಯುತ್ತಾನೆ, ಅದಕ್ಕೆ ಶಕ್ತಿ ಇಲ್ಲ ಅಂತ ತಿಳಿದದ್ದೇ ಅದರ ಸುತ್ತ ಸುತ್ತಿ ಹಂಗಿಸುತ್ತಾನೆ, ಎಂಜಲು ಹಾರುವಷ್ಟು ಕೂಗುತ್ತಾನೆ. ಕೊನೆಗೆ ಆ ಯಂತ್ರವೇ ಇವನಿಗೆ, ನೀನೂ ಒಳ್ಳೆಯ ಡಾಲೆಕ್ ಆಗುತ್ತಿದ್ದೆ ಅನ್ನುತ್ತದೆ. ಭಾವ ತೊಡೆ ತಟ್ಟಿದರು. ಅಮ್ಮನೂ ಎದ್ದು ಹೋಗಲಿಲ್ಲ. ಮಕ್ಕಳ ಧಾರಾವಾಹಿ ಅಂತ ಮೂಗು ಮುರಿಯುವವರಿಗೆ ನಾನು ಮೊದಲು ಹಾಕುವುದು ಇದನ್ನೇ.

ಡೇವಿಡ್ ಟೆನಂಟ್ ಬಂದರೆ ಅಣ್ಣನ ಮಗಳು ತೀರ್ಪು ಕೇಳಲು ತಯಾರಿಲ್ಲ. ಅವಳ ಪಾಲಿಗೆ ಡಾಕ್ಟರ್ ಅಂದರೆ ಉದ್ದ ಕೋಟು, ಕ್ಯಾನ್ವಾಸ್ ಶೂಸು, ಕೆದರಿದ ಕೂದಲು. ಅವಳಂಥವರೇ ಹೆಚ್ಚು. 2010ರ ಹೊಸ ವರ್ಷದಂದು ಬೀಳ್ಕೊಟ್ಟವರನ್ನು 60ನೇ ವರ್ಷದ ಸಂಭ್ರಮಕ್ಕೆ 2023ರಲ್ಲಿ ಮತ್ತೆ ಕರೆಸಿದ್ದು ಸುಮ್ಮನೆ ಅಲ್ಲ. (ಐದನೇ ಡಾಕ್ಟರ್ ಪೀಟರ್ ಡೇವಿಸನ್ ಅವರ ಮಗಳು ಈ ಧಾರಾವಾಹಿಯಲ್ಲೇ ಡಾಕ್ಟರ್‌ನ ಮಗಳ ಪಾತ್ರ ಮಾಡಿ, ಆಮೇಲೆ ನಿಜವಾಗಿ ಟೆನಂಟ್ ಅವರನ್ನು ಮದುವೆಯಾದರು. ಸಂಬಂಧ ಬಿಡಿಸಿ ಹೇಳಿದಾಗ ಅಮ್ಮನಿಗೆ ಇಡೀ ಧಾರಾವಾಹಿಯಲ್ಲಿ ಆಸಕ್ತಿ ಹುಟ್ಟಿದ್ದು ಅಲ್ಲೇ.) ನನ್ನ ತಕರಾರು ಒಂದೇ, ಅವರ ಡಾಕ್ಟರ್ ಮಾತಾಡಿ ಮಾತಾಡಿ ಗೆಲ್ಲುತ್ತಾನೆ. ನಾಲಿಗೆಯ ವೇಗಕ್ಕೆ ಎದುರಾಳಿ ಸುಸ್ತು. ನಮ್ಮ ಶೀಟಿನ ಕೆಳಗೆ ಸಬ್‌ಟೈಟಲ್ ಓದುವವರೂ ಸುಸ್ತು.

ಅದಕ್ಕೇ 2008ರ ‘ಮಿಡ್‌ನೈಟ್’ ಹಾಕಿದೆ. ರಸೆಲ್ ಟಿ. ಡೇವಿಸ್ ಬರೆದದ್ದು. ವಜ್ರದ ಗ್ರಹದಲ್ಲಿ ಪ್ರವಾಸಿಗರ ಬಸ್ಸು ಕೆಟ್ಟು ನಿಲ್ಲುತ್ತದೆ. ಯಾರೂ ಬದುಕಲಾಗದ ಆ ಹೊರಗಿನಿಂದ ಯಾರೋ ಬಡಿಯುತ್ತಾರೆ. ಅದೇನೋ ಒಳಗೆ ಬಂದು ಒಬ್ಬ ಪ್ರಯಾಣಿಕಳನ್ನು ಹಿಡಿಯುತ್ತದೆ. ಮೊದಲು ಎಲ್ಲರ ಮಾತನ್ನು ತಿರುಗಿ ಹೇಳುತ್ತಾಳೆ, ಆಮೇಲೆ ಜೊತೆಜೊತೆಗೇ ಹೇಳುತ್ತಾಳೆ, ಕೊನೆಗೆ ಡಾಕ್ಟರ್ ಬಾಯಿ ತೆರೆಯುವ ಮೊದಲೇ ಅವನ ಮಾತು ಅವಳ ಬಾಯಲ್ಲಿ. ನಾನು ಜಾಣ, ನನ್ನ ಮಾತು ಕೇಳಿ ಅಂದದ್ದೇ ಅವನಿಗೆ ತಿರುಗುಬಾಣ ಆಗುತ್ತದೆ. ಸಾಮಾನ್ಯ ಜನರೇ ಅವನನ್ನು ಹೊರಗೆ ನೂಕಲು ನಿಲ್ಲುತ್ತಾರೆ. ಆ ಪ್ರಾಣಿ ಏನು ಅಂತ ಆ ಕಂತು ಕಡೆಗೂ ತೋರಿಸುವುದಿಲ್ಲ. ಶೀಟಿನ ಮೇಲೆ ಮಳೆ ಬಡಿಯುತ್ತಿದ್ದಾಗ ಈ ಕಂತು ನೋಡಿ ಅಣ್ಣನ ಮಗಳು ಟಾರ್ಚ್ ಇಲ್ಲದೆ ಬಚ್ಚಲಿಗೆ ಹೋಗಲಿಲ್ಲ. ಟೆನಂಟ್ ಎಷ್ಟು ದೊಡ್ಡ ನಟ ಅಂತ ನನಗೆ ಗೊತ್ತಾದದ್ದು ಅವರ ನಾಲಿಗೆ ಸತ್ತು ಕಣ್ಣು ಮಾತ್ರ ಹೆದರುತ್ತಿದ್ದ ಆ ಕೆಲವು ನಿಮಿಷಗಳಲ್ಲಿ. ಉಳಿದ ಕಂತುಗಳಲ್ಲಿ ಅವರು ತಮಗೆ ಸಲೀಸಾದದ್ದನ್ನೇ ಮಾಡುತ್ತಾರೆ. ಅಭಿಮಾನಿಗಳು ಬೈಯಬಹುದು, ಬೈಯಲಿ.

ಮ್ಯಾಟ್ ಸ್ಮಿತ್ ವಿಷಯದಲ್ಲಿ ಪರೀಕ್ಷೆ ನಡೆಸಿದ್ದು ಮಳೆಯೇ. ‘ದಿ ಇಲೆವೆಂತ್ ಅವರ್’ ಹಾಕಿದ ಐದೇ ನಿಮಿಷಕ್ಕೆ ಒಂದು ಮಾತೂ ಕೇಳದಂತಾಯಿತು. ಪಾತ್ರಕ್ಕೆ ಆಯ್ಕೆಯಾದಾಗ ಅವರಿಗೆ 26 ವರ್ಷ, ಅಲ್ಲಿಯವರೆಗಿನವರಲ್ಲಿ ಎಲ್ಲರಿಗಿಂತ ಕಿರಿಯ. ಫುಟ್‌ಬಾಲ್ ಆಟಗಾರ ಆಗಬೇಕಿದ್ದವರು, ಬೆನ್ನಿನ ಪೆಟ್ಟಿನಿಂದ ನಾಟಕಕ್ಕೆ ಬಂದವರು. ಮೈಯಲ್ಲಿ ಅದು ಕಾಣುತ್ತದೆ. ಹೊಸ ದೇಹ ಸಿಕ್ಕ ಡಾಕ್ಟರ್ ಒಬ್ಬ ಪುಟ್ಟ ಹುಡುಗಿಯ ಅಡುಗೆಮನೆಯಲ್ಲಿ ತನಗೆ ಏನು ರುಚಿಸುತ್ತದೆ ಅಂತ ಹುಡುಕುವ ದೃಶ್ಯ. ಸೇಬು ಕಚ್ಚಿ ಉಗಿಯುತ್ತಾನೆ, ಮೊಸರು ಉಗಿಯುತ್ತಾನೆ, ಬೆಣ್ಣೆ ಬ್ರೆಡ್ಡನ್ನು ತಟ್ಟೆ ಸಮೇತ ಹೊರಗೆ ಎಸೆಯುತ್ತಾನೆ, ಕೊನೆಗೆ ಕರಿದ ಮೀನಿನ ತುಂಡನ್ನು ಕಸ್ಟರ್ಡಿಗೆ ಅದ್ದಿ ತಿನ್ನುತ್ತಾನೆ. “ಇವನಿಗೆ ಬಯಕೆ ಹತ್ತಿದೆಯಾ?” ಅಂದರು ಅಮ್ಮ. ಅಡುಗೆಮನೆಗೆ ಹೋಗಲಿಲ್ಲ. ಬೆಳ್ಳುಳ್ಳಿ ಸುಲಿಯುವುದಿದ್ದರೆ ಇಲ್ಲಿಗೇ ತಂದುಕೊಂಡು ಕೂತರು.

2010ರ ಇನ್ನೊಂದು ಕಂತು ‘ವಿನ್ಸೆಂಟ್ ಅಂಡ್ ದಿ ಡಾಕ್ಟರ್’, ರಿಚರ್ಡ್ ಕರ್ಟಿಸ್ ಬರೆದದ್ದು, ಚಿತ್ರಕಾರ ವ್ಯಾನ್ ಗೋ ಕಥೆ. ಇಲ್ಲಿ ರಾಕ್ಷಸ ಪ್ರಾಣಿ ಕಾಣುವುದು ವ್ಯಾನ್ ಗೋ ಕಣ್ಣಿಗೆ ಮಾತ್ರ, ಡಾಕ್ಟರ್ ಏನೂ ಕಾಣದೆ ಗಾಳಿಗೆ ಕೋಲು ಬೀಸುತ್ತಾನೆ. ಮ್ಯೂಸಿಯಂ ದೃಶ್ಯದಲ್ಲಿ ಸ್ಮಿತ್ ಒಂದು ಹೆಜ್ಜೆ ಹಿಂದೆ ಸರಿದು ವ್ಯಾನ್ ಗೋ ಆದ ಟೋನಿ ಕರನ್ ಮತ್ತು ಮ್ಯೂಸಿಯಂನವನಾದ ಬಿಲ್ ನೈ ಅವರಿಗೆ ರಂಗ ಬಿಟ್ಟುಕೊಡುತ್ತಾರೆ. ನಾಯಕನಾದವನು ಹಿಂದೆ ಸರಿಯುವುದನ್ನು ಕಲಿಯಲು ವರ್ಷಗಳು ಬೇಕು ಅಂತ ಗೆಳೆಯ ಹೇಳುತ್ತಿದ್ದ. ಇವರಿಗೆ ಅದು ಮೊದಲ ಸೀಸನ್ನಿನಲ್ಲೇ ಬಂದಿದೆ.

ಪೀಟರ್ ಕಪಾಲ್ಡಿ ನನ್ನ ಪಕ್ಷ. ಹುಡುಗನಾಗಿದ್ದಾಗಲೇ ಈ ಧಾರಾವಾಹಿಯ ಹುಚ್ಚು ಹಿಡಿದು, 1974ರಲ್ಲಿ ರೇಡಿಯೋ ಟೈಮ್ಸ್ ಪತ್ರಿಕೆಯಲ್ಲಿ ಅವರ ಪತ್ರ ಅಚ್ಚಾಗಿತ್ತು. ಆಯ್ಕೆಯಾದಾಗ ಅವರಿಗೆ 55, ಹಾರ್ಟ್ನೆಲ್ ಶುರು ಮಾಡಿದ ವಯಸ್ಸೇ. ಹೊಸಬರಿಗೆ ಮಾತ್ರ ಇವರನ್ನು ಮೊದಲು ಹಾಕಬೇಡಿ. 2014ರ ಸೀಸನ್ನಿನಲ್ಲಿ ಸಿಡುಕು ಮೋರೆ, ಸ್ಕಾಟಿಷ್ ಉಚ್ಚಾರ. ನಮ್ಮ ಮನೆಯಲ್ಲಿ ಎರಡನೇ ಕಂತಿಗೆ ಭಾವ ಗೊರಕೆ ಹೊಡೆದರು, ಅಮ್ಮ ಅಡುಗೆಮನೆ ಸೇರಿದರು.

ಅದೇ ಭಾವ 2015ರ ‘ದಿ ಝೈಗಾನ್ ಇನ್ವರ್ಷನ್’ ನೋಡುವಾಗ ಎದ್ದು ಕೂತರು. ಮನುಷ್ಯರಿಗೂ ಝೈಗಾನ್ ಅನ್ನುವ ಅನ್ಯಗ್ರಹದವರಿಗೂ ಯುದ್ಧ ಹತ್ತುವ ಹೊತ್ತು. ಎರಡು ಪೆಟ್ಟಿಗೆ, ಒಂದೊಂದರಲ್ಲಿ ಎರಡೆರಡು ಗುಂಡಿ, ತಪ್ಪಾದದ್ದು ಒತ್ತಿದರೆ ಸರ್ವನಾಶ. ಒತ್ತಲು ನಿಂತವರ ಎದುರು ಕಪಾಲ್ಡಿ ಸುಮಾರು ಹತ್ತು ನಿಮಿಷ ಮಾತಾಡುತ್ತಾರೆ. ಬೈಯುತ್ತಾರೆ, ಅಣಕಿಸುತ್ತಾರೆ, ಬೇಡುತ್ತಾರೆ, ತಾನು ಮಾಡಿದ ಯುದ್ಧ ನೆನೆದು ಒಡೆಯುತ್ತಾರೆ. “ಇದು ಅರ್ಥಗಾರಿಕೆ!” (ತಾಳಮದ್ದಲೆಯ ಮಾತುಗಾರಿಕೆ) ಅಂತ ಭಾವ ಕೂಗಿದ್ದು ಮಳೆಯ ಮೇಲೆಯೂ ಕೇಳಿಸಿತು. ಸಂಧಾನದ ಕೃಷ್ಣನಿಗೆ ಇಷ್ಟು ಸಿಟ್ಟು ಇರಬೇಕಿತ್ತು ಅನ್ನುವುದು ಅವರ ಅಭಿಪ್ರಾಯ.

ಇಲ್ಲಿ ಅಸ್ತ್ರ ಮಾತು. ಅದನ್ನು ಕೇಳುವವರೇ ಇಲ್ಲದಂತೆ ಮಾಡಿದ್ದು ಅದೇ ವರ್ಷದ ‘ಹೆವನ್ ಸೆಂಟ್’. ಸಮುದ್ರದ ನಡುವೆ ಕೋಟೆ, ಒಳಗೆ ಒಬ್ಬನೇ ಡಾಕ್ಟರ್, ಹಿಂದೆ ನಿಧಾನಕ್ಕೆ ನಡೆದುಬರುವ ಮುಸುಕಿನ ಆಕೃತಿ, ಮುಂದೆ ವಜ್ರಕ್ಕಿಂತ ಗಟ್ಟಿಯಾದ ಗೋಡೆ. ಹೆಚ್ಚುಕಡಿಮೆ ಇಡೀ ಕಂತು ಕಪಾಲ್ಡಿ ಒಬ್ಬರದೇ. ಸಂಗಾತಿ ಕ್ಲಾರಾ ಸತ್ತ ದುಃಖ ಬೇರೆ. ಕಥೆ ಹೇಳಿದರೆ ಪಾಪ ತಟ್ಟೀತು. ಗೋಡೆ, ಮುಷ್ಟಿ, ಕೊಕ್ಕು ಮಸೆಯುವ ಹಕ್ಕಿ ಇಷ್ಟು ನೆನಪಿಟ್ಟುಕೊಂಡು ನೋಡಿ. ಅಮ್ಮನಿಗೆ ಇದು ಹಿಡಿಸಲಿಲ್ಲ. ಗೆಳೆಯ ಮಾತ್ರ ಮುಗಿದ ತಕ್ಷಣ ಮತ್ತೆ ಮೊದಲಿನಿಂದ ಹಾಕಿಸಿದ. ಯುಪಿಎಸ್ ಒಪ್ಪಲಿಲ್ಲ.

ಜೋಡಿ ವಿಟೇಕರ್ ಪಾತ್ರಕ್ಕೆ ಬಂದ ಮೊದಲ ಹೆಣ್ಣು. ಅವರಿಗೆ ಸಿಕ್ಕ ಬರವಣಿಗೆ ಬಹಳ ಕಡೆ ಸಪ್ಪೆ, ವಿವರಣೆಯ ಭಾರವೇ ಹೆಚ್ಚು. ಅವರನ್ನು ತೂಗಬೇಕಾದರೆ 2018ರ ‘ಡೀಮನ್ಸ್ ಆಫ್ ದಿ ಪಂಜಾಬ್’. ವಿನಯ್ ಪಟೇಲ್ ಬರೆದದ್ದು, 1947ರ ಆಗಸ್ಟ್, ಗಡಿ ಬೀಳುವ ದಿನಗಳು, ಒಂದು ಹಿಂದೂ ಮುಸ್ಲಿಂ ಮದುವೆ. ಓಡಾಡಿ ಎಲ್ಲರನ್ನೂ ಉಳಿಸುವುದೇ ಈ ಡಾಕ್ಟರ್ ಸ್ವಭಾವ. ಇಲ್ಲಿ ಕೈ ಹಾಕುವಂತಿಲ್ಲ. ಬೆನ್ನು ತಿರುಗಿಸಿ ನಡೆಯಬೇಕು. ಆ ನಡಿಗೆಯಲ್ಲಿ ವಿಟೇಕರ್ ಮುಖ ನೋಡಿ. ಕಂತು ಮುಗಿಯುವಾಗ ಧಾರಾವಾಹಿಯ ಪರಿಚಿತ ಸಂಗೀತವೂ ಹಿಂದೂಸ್ತಾನಿ ಕಂಠದಲ್ಲಿ ಬರುತ್ತದೆ. ಅಮ್ಮ ಕಣ್ಣೊರೆಸಿಕೊಂಡದ್ದು ಇದೊಂದಕ್ಕೆ. ಅಂದಹಾಗೆ, 1963ರ ಮೊಟ್ಟಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ ಹುಟ್ಟಿದ್ದು ಲಖನೌದಲ್ಲಿ.

ಶೂಟಿ ಗಾಟ್ವಾ ಬಗ್ಗೆ ಉದ್ದಕ್ಕೆ ಬರೆಯಲು ಸಾಮಗ್ರಿ ಕಮ್ಮಿ. 2025ರ ಮೇ ಹೊತ್ತಿಗೆ ಅವರ ಸರದಿ ಮುಗಿಯಿತು. ಕುಣಿಯುವ, ಅಳುವ, ತಬ್ಬುವ ಡಾಕ್ಟರ್. 2024ರ ‘ಬೂಮ್’ನಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟು ಕಂತಿನುದ್ದಕ್ಕೂ ಕದಲದೆ ನಿಲ್ಲುತ್ತಾರೆ. ಪರೀಕ್ಷೆಯಲ್ಲಿ ಸಲೀಸಾಗಿ ಪಾಸು. ಇನ್ನೊಂದೆರಡು ಸೀಸನ್ ಸಿಗಬೇಕಿತ್ತು.

ಹಾಗಾಗಿ ನನ್ನ ಸಲಹೆ ಹೀಗೆ: ಮನೆಮಂದಿ ಎಲ್ಲ ಕೂತು ನೋಡುವುದಾದರೆ ಸ್ಮಿತ್‌ನಿಂದ ಶುರು ಮಾಡಿ, ಒಬ್ಬರೇ ಆದರೆ ಎಕಲ್‌ಸ್ಟನ್‌ನಿಂದ. ಕಪಾಲ್ಡಿಯನ್ನು ಎರಡು ಮಳೆಗಾಲ ಕಳೆದ ಮೇಲೆ ತೆಗೆಯಿರಿ.

ಹಳಬರಲ್ಲಿ ನಾವು ಮುಟ್ಟಿದ್ದು ಟಾಮ್ ಬೇಕರ್ ಒಬ್ಬರನ್ನೇ. 1974ರಿಂದ 1981ರವರೆಗೆ, ಎಲ್ಲರಿಗಿಂತ ಹೆಚ್ಚು ಕಾಲ ಆ ಪಾತ್ರದಲ್ಲಿದ್ದವರು. ಅವರ ಮೈಲುದ್ದದ ಮಫ್ಲರ್ ಹಾಗಾದದ್ದು ಹೆಣೆಯಲು ಕೊಟ್ಟ ಉಲ್ಲನ್ನೆಲ್ಲ ಹೆಣೆದಾಕೆ ಮುಗಿಸಿಬಿಟ್ಟದ್ದರಿಂದ. ರಟ್ಟಿನ ಗೋಡೆ, ರಬ್ಬರ್ ರಾಕ್ಷಸರು ಅಂತ ಅಣ್ಣನ ಮಗಳು ನಕ್ಕಳು, ನಿಜವೇ. ಆದರೆ ಒಂದು ಭಾಗಕ್ಕೆ 25 ನಿಮಿಷ ಅಷ್ಟೇ, ನಮ್ಮ ಯುಪಿಎಸ್‌ಗೆ ಹೇಳಿ ಮಾಡಿಸಿದ ಅಳತೆ. 1975ರ ‘ಜೆನೆಸಿಸ್ ಆಫ್ ದಿ ಡಾಲೆಕ್ಸ್’ ಆರು ಭಾಗ. ಬೇಕರ್ ಅಸ್ತ್ರ ಯಾವುದಕ್ಕೂ ಅಂಜದ ಗತ್ತು. ಕೊನೆ ಭಾಗಕ್ಕೆ ಬಂದಾಗ ಅವರ ಕೈಯಲ್ಲಿ ಎರಡು ತಂತಿ. ಮುಟ್ಟಿಸಿದರೆ ಡಾಲೆಕ್ ಸಂತತಿ ಹುಟ್ಟುವ ಮೊದಲೇ ಮುಗಿಯುತ್ತದೆ. ಗತ್ತು ಎಲ್ಲೋ ಹೋಗಿದೆ, ಹೀಗೆ ಕೊಲ್ಲಲು ನನಗೆ ಹಕ್ಕಿದೆಯೇ ಅಂತ ಕೇಳಿಕೊಂಡು ನಿಂತಿದ್ದಾರೆ. ಭಾವ ಮುಟ್ಟಿಸಬೇಕು ಅನ್ನುವ ಪಕ್ಷ, ಗೆಳೆಯ ಬೇಡ ಅನ್ನುವ ಪಕ್ಷ. ಟಿವಿ ನಿಲ್ಲಿಸಿ ಇಬ್ಬರೂ ವಾದಕ್ಕೆ ಬಿದ್ದರು. ಊಟಕ್ಕೆ ಏಳಿ ಅಂತ ಅಮ್ಮ ಕರೆದರೂ ಏಳಲಿಲ್ಲ.