ನಂದಿ ದಾರಿಯ ನರ್ಸರಿ: ಹೈಡ್ರೇಂಜಿಯಾ ಬೇಕಿದ್ದವರಿಗೆ

ಚಿಕ್ಕಬಳ್ಳಾಪುರದಿಂದ ನಂದಿ ಬೆಟ್ಟದ ಕಡೆ ಹೋಗುವಾಗ ಸಿಗುವ ಸಣ್ಣ ನರ್ಸರಿ ಇದು. ಗಿಡಗಳು ಗಟ್ಟಿಮುಟ್ಟಾಗಿವೆ. ಎಲೆ ದಪ್ಪ, ಕುಂಡದ ತೂತಿನಿಂದ ಬೇರು ಹೊರಗೆ ಬಂದಿಲ್ಲ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮಾತ್ರ ಜಾಸ್ತಿ. ಮನೆಗೆ ತಂದು ಕೆಂಪು ಮಣ್ಣು, ಎಲೆಗೊಬ್ಬರ ಹಾಕಿ ಕುಂಡ ಬದಲಿಸಿದೆ.

ಹೈಡ್ರೇಂಜಿಯಾ ಅಂದರೆ ಗೊಂಚಲು ಗೊಂಚಲಾಗಿ ಹೂ ಬಿಡುವ ಗಿಡ. ಅದರಲ್ಲಿ ಚೆಂಡಿನಂಥ ತುಂಬು ಗೊಂಚಲಿನದೂ ಇತ್ತು, ಲೇಸ್‌ಕ್ಯಾಪೂ ಇತ್ತು. ಲೇಸ್‌ಕ್ಯಾಪ್‌ನಲ್ಲಿ ಅಂಚಿಗಷ್ಟೇ ದೊಡ್ಡ ಹೂ, ನಡುವೆಲ್ಲ ಸಣ್ಣ ಸಣ್ಣ ಹೂ. ನನಗೆ ಅದೇ ಚೆಂದ.

'ನೀಲಿ' ಅಂತ ಚೀಟಿ ಅಂಟಿಸಿದ ಗಿಡಕ್ಕೆ ಸುಮ್ನೆ ನೂರು ರೂಪಾಯಿ ಜಾಸ್ತಿ ಕೇಳಿದರು. ಇದು ಹಿಡಿಸಲಿಲ್ಲ. ಮಣ್ಣಿನಲ್ಲಿ ಹುಳಿ ಇದ್ದು, ಅಲ್ಯೂಮಿನಿಯಂ ಬೇರಿಗೆ ಸಿಕ್ಕರೆ ಮಾತ್ರ ನೀಲಿ ಬರುತ್ತದೆ. ನಮ್ಮ ಬೋರ್‌ವೆಲ್ ನೀರೋ, ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುವಂಥದ್ದು. ಅದನ್ನೇ ಹಾಕುತ್ತಾ ಹೋದರೆ ಮಣ್ಣಿನ ಹುಳಿ ಕಡಿಮೆಯಾಗಿ ಹೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಾರುವವರು ಹೇಳಬೇಕಿತ್ತು, ಅಲ್ವಾ? ಬಿಳಿ ಜಾತಿಗೆ ಈ ತಲೆನೋವಿಲ್ಲ. ಹಾಗಾಗಿ ಒಂದು ಬಿಳಿ, ಒಂದು ಲೇಸ್‌ಕ್ಯಾಪ್ ತಂದೆ.

ನೀರು ಹಾಕುವ ಅಜ್ಜ ಮಾತ್ರ ಸರಿಯಾಗಿ ಹೇಳಿದರು: "ಬೆಳಗಿನ ಬಿಸಿಲು ಸಾಕು ಕಣಮ್ಮ, ಮಧ್ಯಾಹ್ನದ್ದು ತಡೆಯಲ್ಲ. ಒಣಗಿದ ಗೊಂಚಲಷ್ಟೇ ಕತ್ತರಿಸು. ಹಳೇ ಕಡ್ಡಿ ಮೋಟು ಮಾಡಿದರೆ ಮುಂದಿನ ಸಲ ಹೂ ಇಲ್ಲ."

ಭಾನುವಾರ ಬೆಳಿಗ್ಗೆ ಹೋಗಬೇಡಿ. ಬೆಟ್ಟಕ್ಕೆ ಹೋಗುವ ಗಾಡಿಗಳಿಂದ ರಸ್ತೆ ತುಂಬಿರುತ್ತದೆ.