ಮೊದಲ ಎಎ ಮೀಟಿಂಗ್: ಮಾತಾಡಲೇಬೇಕಾ?

ಇಲ್ಲ, ಬೇಕಿಲ್ಲ. ಹೋಗುವ ಮುಂಚೆ ನನ್ನನ್ನು ತಡೆದಿದ್ದ ಪ್ರಶ್ನೆ ಇದೇ ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಎಎ ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಎನ್ನುವವರು ಸೇರಿ ಒಬ್ಬರಿಗೊಬ್ಬರು ನೆರವಾಗುವ ಗುಂಪು. ಅದರ ಮೀಟಿಂಗ್‌ನಲ್ಲಿ ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ, ನೀನು ಎಷ್ಟು ಕುಡೀತೀಯ ಅಂತ ವಿಚಾರಿಸುತ್ತಾರೆ ಎಂದುಕೊಂಡಿದ್ದೆ. ಹೊಸಬರು ಇದ್ದೀರಾ ಎಂದು ಕೇಳಿದರು, ಕೈ ಎತ್ತಿ ಹೆಸರು ಹೇಳಿದೆ, ಅಷ್ಟೇ. ಊರು, ಕೆಲಸ, ಮನೆತನ ಯಾವುದನ್ನೂ ಕೇಳಲಿಲ್ಲ. ನನ್ನ ಸರದಿ ಬಂದಾಗ "ಇವತ್ತು ಸುಮ್ನೆ ಕೇಳ್ತೀನಿ" ಎಂದೆ. ಮಾತು ಪಕ್ಕದವರಿಗೆ ಹೋಯಿತು.

ನನಗೆ ತುಂಬಾ ಹಿಡಿಸಿದ್ದು ಅಲ್ಲಿನ ಒಂದು ಶಿಸ್ತು. ಒಬ್ಬರು ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಮುಗಿದ ಮೇಲೂ ಬುದ್ಧಿ ಹೇಳುವುದಿಲ್ಲ. ಕುಡಿಯುವವರಿಗೆ ಬುದ್ಧಿ ಹೇಳುವ ಜನಕ್ಕೆ ಎಲ್ಲೂ ಕೊರತೆ ಇಲ್ಲ ಅಲ್ವಾ, ಮನೆಯವರು, ಸ್ನೇಹಿತರು, ಡಾಕ್ಟರು ಎಲ್ಲರೂ ಹೇಳಿರುತ್ತಾರೆ, ಅದನ್ನು ಕೇಳಿ ಕೇಳಿಯೇ ನಾವು ಸುಳ್ಳು ಹೇಳೋದು ಕಲಿತಿರುತ್ತೇವೆ. ಇಲ್ಲಿ ಒಬ್ಬರು ಮನೆಯಲ್ಲಿ ಬಾಟಲಿ ಎಲ್ಲೆಲ್ಲಿ ಬಚ್ಚಿಡುತ್ತಿದ್ದೆ ಎಂದು ಹೇಳಿದರು. ಯಾರ ಮುಖದಲ್ಲೂ ಅಸಹ್ಯ ಕಾಣಲಿಲ್ಲ. ಸುತ್ತ ಕೂತವರು ಹೌದು ಹೌದು ಅಂತ ತಲೆಯಾಡಿಸಿದರು. ನನ್ನ ಎದೆಬಡಿತ ಕಮ್ಮಿಯಾಗಿದ್ದು ಆಗಲೇ.

ದುಡ್ಡಿನ ವಿಷಯ ಸರಳ: ಫೀಸ್ ಇಲ್ಲ. ಖರ್ಚಿಗೆ ಅಂತ ಬುಟ್ಟಿ ಸುತ್ತಿಸುತ್ತಾರೆ, ಹೊಸಬರು ಹಾಕದಿದ್ದರೂ ನಡೆಯುತ್ತದೆ. ಸೇರಲು ಇರುವುದು ಒಂದೇ ಷರತ್ತು, ಕುಡಿತ ಬಿಡಬೇಕೆಂಬ ಆಸೆ. ಆಗಲೇ ಬಿಟ್ಟಿರಬೇಕು ಅಂತೇನಿಲ್ಲ.

ದೇವರ ಮಾತು ಬರುತ್ತದೆ, ಇದು ಮೊದಲೇ ಗೊತ್ತಿರಲಿ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಮತ್ತು ಡಾಕ್ಟರ್ ಬಾಬ್ ಸ್ಮಿತ್, ಇಬ್ಬರೂ ಕುಡಿತದಲ್ಲಿ ಸಿಕ್ಕಿಬಿದ್ದಿದ್ದವರೇ, ಸೇರಿ ಶುರುಮಾಡಿದ್ದು ಇದು. ಆಮೇಲೆ ಬಂದ, ಕುಡಿತದಿಂದ ಹೊರಬರಲು ಎಎ ಹೇಳುವ 12 ಹೆಜ್ಜೆಗಳಲ್ಲಿ ದೇವರ ಹೆಸರಿದೆ, 'ನಾವು ಅರ್ಥಮಾಡಿಕೊಂಡಂತೆ' ಎಂಬ ಮಾತಿನ ಜೊತೆಗೆ. ನನಗೆ ಅದು ಇನ್ನೂ ಒಗ್ಗಿಲ್ಲ. ನಿಮಗೂ ಒಗ್ಗದಿದ್ದರೆ ದೇವರ ಮಾತಿಲ್ಲದ ಸ್ಮಾರ್ಟ್ ರಿಕವರಿ ಥರದ ಗುಂಪುಗಳಿವೆ. ಆದರೆ ಅದೊಂದೇ ಕಾರಣಕ್ಕೆ ಎಎ ಬಾಗಿಲಿಂದ ವಾಪಸ್ ಬರಬೇಡಿ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಇಂಥ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಕುಡಿತವನ್ನು ಪೂರ್ತಿ ಬಿಟ್ಟಿರುವ ವಿಷಯದಲ್ಲಿ, ಜನರನ್ನು ಎಎ ಕಡೆಗೆ ತರುವ ಕ್ರಮಬದ್ಧ ಚಿಕಿತ್ಸೆ ಬೇರೆ ಹೆಸರುವಾಸಿ ಚಿಕಿತ್ಸೆಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅದರಲ್ಲಿ ಕಂಡುಬಂತು.

ಒಂದು ಎಚ್ಚರಿಕೆ. ಮೀಟಿಂಗ್ ಅಂದರೆ ಆಸ್ಪತ್ರೆ ಅಲ್ಲ. ದಿನಾ ಜಾಸ್ತಿ ಕುಡಿಯುವವರು ಹುರುಪಿನಲ್ಲಿ ಒಂದೇ ಸಲ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ ಆಗಬಹುದು. ಮೊದಲು ಡಾಕ್ಟರನ್ನು ಕಾಣಿ, ಜೊತೆಗೇ ಮೀಟಿಂಗ್‌ಗೂ ಹೋಗಿ.

ಹೋಗುವ ಮುಂಚೆ ಅದು ಓಪನ್ ಮೀಟಿಂಗಾ ಕ್ಲೋಸ್ಡ್ ಮೀಟಿಂಗಾ ವಿಚಾರಿಸಿ. ಓಪನ್ ಆದರೆ ಮನೆಯವರನ್ನೋ ಸ್ನೇಹಿತರನ್ನೋ ಕರೆದುಕೊಂಡು ಹೋಗಬಹುದು. ಕ್ಲೋಸ್ಡ್ ಇರುವುದು ಕುಡಿತ ಬಿಡಬೇಕು ಎನ್ನುವವರಿಗೆ ಮಾತ್ರ. ಮುಗಿದ ತಕ್ಷಣ ಓಡಿಬರಬೇಡಿ. ನನಗೆ ಇಬ್ಬರು ಫೋನ್ ನಂಬರ್ ಬರೆದುಕೊಟ್ಟರು, ಕುಡಿಯಬೇಕು ಅನ್ನಿಸಿದರೆ ಗ್ಲಾಸ್ ಮುಟ್ಟುವ ಮುಂಚೆ ಫೋನ್ ಮಾಡಿ, ಎಷ್ಟು ಹೊತ್ತಾಗಿದ್ದರೂ ಪರವಾಗಿಲ್ಲ ಎಂದರು. ಅವರಲ್ಲಿ ಒಬ್ಬರಿಗೆ ಆಗಲೇ ಫೋನ್ ಮಾಡಿದ್ದೇನೆ, ಎತ್ತಿದರು.