ಹೋಮ್‌ಸ್ಟೇ, ಚಾರಣದ ಗೈಡ್, ರೆಸಾರ್ಟ್ ನೌಕರಿ: ಕುದುರೆಮುಖದ ಸೆರಗಿನ ಮನೆಯವರಿಗೆ ಯಾವುದು?

ಮೊದಲು ಹಣದ ಮಾತು. ಗೈಡ್ ಆಗಲು ಬಂಡವಾಳ ಬೇಡ. ಕಾಡಿನ ಪರಿಚಯ, ಪ್ರಥಮ ಚಿಕಿತ್ಸೆಯ ತರಬೇತಿ, ಅರಣ್ಯ ಇಲಾಖೆಯ ಒಪ್ಪಿಗೆ ಇದ್ದರಾಯಿತು. ರೆಸಾರ್ಟಿಗೂ ಅಷ್ಟೇ, ಕೈಯಿಂದ ಹಾಕುವುದೇನಿಲ್ಲ. ಹೋಮ್‌ಸ್ಟೇ ಹಾಗಲ್ಲ. ಖಾಲಿ ಕೋಣೆ ಇದ್ದರೂ ಅದಕ್ಕೆ ಸೇರಿದ ಬಚ್ಚಲು, ಶೌಚಾಲಯ, ಬಿಸಿನೀರು ಆಗಬೇಕು; ಪ್ರವಾಸೋದ್ಯಮ ಇಲಾಖೆಯ ನೋಂದಣಿಯೂ ಬೇಕು. ಹೆಚ್ಚಿನವರು ಎಡವುವುದು ನೀರಿನಲ್ಲಿ: ನಾಲ್ಕು ಜನರ ಮನೆಗೆ ಸಾಕಾಗುವ ಬಾವಿ ಹನ್ನೆರಡು ಅತಿಥಿಗಳು ಬಂದರೆ ಏಪ್ರಿಲ್‌ಗೆ ಬತ್ತುತ್ತದೆ. ಶೌಚದ ಇಂಗುಗುಂಡಿಯನ್ನು ಬಾವಿಯಿಂದ ಕನಿಷ್ಠ 18 ಮೀಟರ್ ದೂರ, ಇಳಿಜಾರಿನ ಕೆಳಗೆ ತೋಡಿಸಿ. ಎರಡು ಕೋಣೆಯಿಂದ ಶುರುಮಾಡಿದರೆ ಸಾಕು.

ಇನ್ನು ಆದಾಯದ ಭರವಸೆ. ಗೈಡ್ ಸಂಪಾದನೆ ದಾರಿ ತೆರೆದಿರುವಷ್ಟು ದಿನ ಮಾತ್ರ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ, ದಿನದ ಚಾರಣಿಗರ ಸಂಖ್ಯೆಗೂ ಮಿತಿ ಇದೆ. ಗ್ರಾಮ ಅರಣ್ಯ ಸಮಿತಿಯ ಮೂಲಕ ಸರದಿ ಪದ್ಧತಿ ಮಾಡಿಕೊಂಡರೆ ಜಗಳ ಕಡಿಮೆ. ಸರದಿ ಪುಸ್ತಕ ಎಲ್ಲರ ಕಣ್ಣಿಗೆ ಬೀಳುವಂತಿರಲಿ. ರೆಸಾರ್ಟಿನಲ್ಲಿ ತಿಂಗಳ ಸಂಬಳ ಬರುತ್ತದೆ, ಆದರೆ ನಿರ್ಧಾರ ಊರಿನವರದಲ್ಲ. ಸೇರುವ ಮುನ್ನ ಭವಿಷ್ಯನಿಧಿ (ಪಿಎಫ್) ಕಟ್ಟುತ್ತಾರೆಯೇ ಎಂದು ಕೇಳಿ.

ದುಡಿಮೆ? ಹೋಮ್‌ಸ್ಟೇಯ ಭಾರ ಬೀಳುವುದು ಅಡುಗೆಮನೆಯ ಹೆಂಗಸರ ಮೇಲೆ. ಅವರ ಕೂಲಿಯನ್ನು ಲೆಕ್ಕದಲ್ಲಿ ಬರೆಯದೆ ಲಾಭ ಎನ್ನುವುದು ಸುಳ್ಳು ಲೆಕ್ಕ.

ಅಡಿಕೆ ತೋಟವಿದ್ದು ಮನೆಯಲ್ಲಿ ಇಬ್ಬರಾದರೂ ಇರುವವರಿಗೆ ಹೋಮ್‌ಸ್ಟೇ. ಜಮೀನಿಲ್ಲದ, ಕಾಡು ಬಲ್ಲ ಯುವಕರಿಗೆ ಗೈಡ್ ಕೆಲಸ, ಬೇಸಿಗೆಗೆ ಬೇರೆ ಕೂಲಿ ಇದ್ದರೆ. ಸಾಲದ ಕಂತು ತಲೆಮೇಲಿದ್ದರೆ ಸದ್ಯಕ್ಕೆ ಸಂಬಳವೇ ವಾಸಿ.